ಬಾಗಿಲ ಪಕ್ಕದ ಸೀಟು

ತಿಪಟೂರಿನ ಕಡೆ ಮನೆಗೆ ಬಂದವರು ಎಳನೀರು ಬೇಡ ಅಂದರೆ ಅದು ಸಣ್ಣ ಮಾತಲ್ಲ. ಕೊಬ್ಬರಿಗೆಂದೇ ಕಾಯಿ ಬಲಿಯಲು ಬಿಡುವ ಸೀಮೆ ಅದು. ಎಳೆಗಾಯಿಗೆ ಕೈ ಹಾಕಿದರೆ ಮನೆಮಕ್ಕಳಿಗೂ ಬೈಗುಳ ತಪ್ಪಿದ್ದಲ್ಲ. ಅಂಥದ್ದರಲ್ಲಿ ನಿಮಗೋಸ್ಕರ ಮರ ಹತ್ತಿಸಿ ಎಳನೀರು ಕೆಡವಿಸಿದ್ದಾರೆ ಅಂದರೆ ಕುಡಿಯಲೇಬೇಕು. ಹೊಟ್ಟೆ ತುಂಬಿದ್ದರೂ ಕುಡಿಯಬೇಕು, ನೆಗಡಿಯಾಗಿದ್ದರೂ ಕುಡಿಯಬೇಕು. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಮಾತ್ರ ಯಾರ ಮನೆಯಲ್ಲೂ ಕುಡಿಯುತ್ತಿರಲಿಲ್ಲ. “ಶೀತ ಆಗ್ತದೆ, ಬ್ಯಾಡಿ” ಅಂದು ಎದ್ದೇ ಬಿಡುತ್ತಿದ್ದರು. ಊರಿನವರು ಅದಕ್ಕೆ ಜಂಬ ಅಂತ ಹೆಸರಿಟ್ಟಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೇಳಹೊರಟಿರುವ ವಿಷಯ ಅಂಥದ್ದು. ಬದುಕಿದ್ದಿದ್ದರೆ “ಏನ್ ಮೇಷ್ಟ್ರೇ, ಮಾನ ಹರಾಜಿಗೆ ಹಾಕಿಬುಟ್ರಲ್ಲ” ಅಂತ ಕೋಣೆ ಖಾಲಿ ಮಾಡಿಸುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಹೈಸ್ಕೂಲಿಗೆ ಮೇಷ್ಟ್ರಾಗಿ ತಿಪಟೂರಿಗೆ ಬಂದಿದ್ದೆ, ಮದುವೆಯಾಗಿರಲಿಲ್ಲ. ಅವರ ಮನೆಯ ಬೀದಿ ಕಡೆಯ ಕೋಣೆ ನನ್ನದು. ಅವರಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಬಿಳಿ ಜುಬ್ಬ, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಕೊಬ್ಬರಿ ಮಂಡಿಯನ್ನು ಮಗನಿಗೆ ಒಪ್ಪಿಸಿದ್ದರೂ ದಿನಕ್ಕೊಮ್ಮೆ ಹೋಗಿ ಗಾದಿಯ ಮೇಲೆ ಕೂತು ಬರುತ್ತಿದ್ದರು.

ಮಂಡಿ ಬಿಟ್ಟರೂ ಮಂಡಿಯ ಒಂದು ಚಾಳಿ ಅವರನ್ನು ಬಿಟ್ಟಿರಲಿಲ್ಲ. ಆ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುವುದು ರೂಢಿ. ಗಡಗಡ ಅಂದರೆ ಆಯಿತು, ಕುಳುಕುಳು ಅಂದರೆ ನೀರು ಇನ್ನೂ ಇದೆ ಅಂತ. ಇವರು ಕೈಗೆ ಸಿಕ್ಕಿದ್ದನ್ನೆಲ್ಲ ಕುಲುಕುತ್ತಿದ್ದರು. ಬೆಂಕಿಪೊಟ್ಟಣ, ಟಾರ್ಚು, ಔಷಧಿ ಸೀಸೆ, ನನ್ನ ಅಲಾರಾಂ ಗಡಿಯಾರ. ಒಮ್ಮೆ ಮೊಮ್ಮಗುವನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಸ್ವಲ್ಪ ಅಲ್ಲಾಡಿಸಿದರು. ಅವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಕಿತ್ತುಕೊಂಡರು.

ಜಂಬದ ಮಾತಿಗೆ ಬರುತ್ತೇನೆ. ಮದುವೆಮನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲ, ಹಿತ್ತಿಲ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಮಾತಿನ ಮಧ್ಯೆ ಸಟ್ಟನೆ ಎದ್ದು ಹೋಗುತ್ತಿದ್ದರು. ಬಸ್ಸು ಹತ್ತಿ ವರ್ಷಗಳಾಗಿದ್ದವು. ತುರುವೇಕೆರೆಯಲ್ಲಿ ಖಾಸಾ ಷಡ್ಡಕನ ಮಗಳ ಮದುವೆಯಾದಾಗಲೂ ಹೆಂಡತಿಯನ್ನು ಕಳಿಸಿ ತಾವು ಉಳಿದರು. ಎಲ್ಲಕ್ಕಿಂತ ದೊಡ್ಡ ರಾದ್ಧಾಂತ ಆದದ್ದು ಹೊನ್ನವಳ್ಳಿಯಲ್ಲಿ. ಅಲ್ಲಿ ಇವರ ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿ, ಬಾವನವರು ಬರಲೇಬೇಕು ಅಂತ ಸ್ವಂತ ಗಾಡಿ ಕಳಿಸಿದ್ದ. ಹೋದರು. ಭಾಮೈದ ತುಂಬಿದ ಸಭೆಯಲ್ಲಿ ತಾನೇ ಎಳನೀರು ಕೆತ್ತಿ ಎರಡೂ ಕೈಯಲ್ಲಿ ಹಿಡಿದು ನಿಂತ. ಇವರು ಬೇಡ ಅಂದರು. ಇನ್ನೊಮ್ಮೆ ಕೊಟ್ಟ, ಇನ್ನೊಮ್ಮೆ ಬೇಡ ಅಂದರು. ಭಾಮೈದ ಆ ಎಳನೀರನ್ನು ತೆಂಗಿನ ಬುಡಕ್ಕೆ ಸುರಿದು ಒಳಗೆ ಹೋದವನು, ಆಮೇಲೆ ಅಕ್ಕನ ಮನೆಯ ಹೊಸಲು ತುಳಿಯಲಿಲ್ಲ. ಅಮ್ಮ ಅದನ್ನು ಎತ್ತಿ ಆಡಿದವರಲ್ಲ. ಹಬ್ಬ ಬಂದಾಗ ಮಾತ್ರ ಬೀದಿ ಬಾಗಿಲ ಕಡೆ ಒಂದೆರಡು ಸಲ ಜಾಸ್ತಿ ನೋಡುತ್ತಿದ್ದರು.

ಅಮ್ಮ ಅಂದರೆ ಯಜಮಾನರ ಹೆಂಡತಿ. ನಾನು ಕರೆಯುತ್ತಿದ್ದುದು ಹಾಗೆ. ಮಾತು ಕಡಿಮೆ, ಆಸೆ ಅದಕ್ಕಿಂತ ಕಡಿಮೆ ಅಂತ ನಾನು ತಿಳಿದಿದ್ದೆ. ಒಂದು ದಿನ ಮಂಡಿಗೆ ಬಂದ ಹೊಸ ಕ್ಯಾಲೆಂಡರನ್ನು ಮಗ ಮನೆಗೆ ತಂದು ಹಾಕಿದ. ಹಾಸನದಿಂದ ಮಂಗಳೂರಿಗೆ ಘಾಟಿಯಲ್ಲಿ ರೈಲು ಬಿಟ್ಟು ಎರಡು ಮೂರು ವರ್ಷವಾಗಿತ್ತು. ಆ ಘಾಟಿಯ ಸೇತುವೆಯ ಮೇಲೆ ಗಾಡಿ ಹೋಗುತ್ತಿರುವ ಚಿತ್ರ. ಅಮ್ಮ ಅದರ ಮುಂದೆ ನಿಂತು, “ಇದನ್ನ ಒಂದ್ಸಲ ನೋಡಬೇಕು ಕಣ್ರೀ” ಅಂದರು. ಯಜಮಾನರು ಉಣ್ಣುತ್ತಿದ್ದವರು ತುತ್ತು ನಿಲ್ಲಿಸಿದರು. ಅಷ್ಟು ವರ್ಷದ ಸಂಸಾರದಲ್ಲಿ ಆಕೆ ಇಂಥದ್ದು ಬೇಕು ಅಂತ ಕೇಳಿದ್ದು ಅದೇ ಮೊದಲಂತೆ. ಆಮೇಲೆ ಅವರೇ ನನಗೆ ಹೇಳಿದರು.

ಅವತ್ತೇ ಸಂಜೆ ಯಜಮಾನರು ನನ್ನ ಕೋಣೆಗೆ ಬಂದರು. ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಾಗಾಗಿ ಭೂಮಂಡಲದ ಎಲ್ಲ ರೈಲುಗಳ ವಿಷಯವೂ ನನಗೆ ಗೊತ್ತು ಅಂತ ಆ ಮನೆಯಲ್ಲಿ ನಂಬಿಕೆ. ಬಾಗಿಲು ಮುಂದೆ ತಳ್ಳಿ ಮಂಚದ ತುದಿಗೆ ಕೂತರು. ನನ್ನ ಶಾಯಿ ಬಾಟಲಿ ತಗೊಂಡು ಕುಲುಕಿದರು.

“ಮೇಷ್ಟ್ರೇ, ಗಾಡೀಲಿ ಆ ವ್ಯವಸ್ಥೆ ಇರ್ತದಲ್ವಾ?”

“ಯಾವ ವ್ಯವಸ್ಥೆ?”

“ಅದೇ, ನೀರಿಂದು.”

“ಕುಡಿಯೋ ನೀರು ನಾವೇ ಕೂಜಾದಲ್ಲಿ ತಗೊಂಡು ಹೋಗೋದು ಒಳ್ಳೇದು.”

“ಕುಡಿಯೋದಲ್ಲ ಕಣ್ರೀ, ಕುಡಿದಿದ್ದು!” ಅಂದರು. ಮುಖ ಕೆಂಪಗಾಗಿತ್ತು.

ಆಗ ನನಗೆ ಅರ್ಥವಾಯಿತು. ಎಳನೀರು, ಹಿತ್ತಿಲ ಬಾಗಿಲು, ಬಸ್ಸು, ಷಡ್ಡಕನ ಮಗಳ ಮದುವೆ, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅವರಿಗೆ ಉಚ್ಚೆಯ ತೊಂದರೆ. ಬಂತು ಅಂದರೆ ತಡೆಯಲಾಗದು, ಗಳಿಗೆಗೊಮ್ಮೆ ಬರುತ್ತದೆ. ಡಾಕ್ಟರು ಆಪರೇಷನ್ ಅಂದಿದ್ದರಂತೆ. ಆ ಮಾತು ಕೇಳಿದ ಮೇಲೆ ಡಾಕ್ಟರ ಬೀದಿಯಲ್ಲೇ ಇವರು ಓಡಾಡುತ್ತಿರಲಿಲ್ಲ. ಮನೆಯಿಂದ ಮಂಡಿಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಮರೆ ಇದೆ ಅನ್ನುವುದನ್ನು ನೋಡಿಟ್ಟುಕೊಂಡು ಅಷ್ಟರೊಳಗೇ ಬದುಕುತ್ತಿದ್ದರು. “ಅಟ್ಟದ ಮೇಲೆ ಎಷ್ಟು ದಿನ ಇಟ್ರೂ ನೀರು ಬತ್ತದ ಕಾಯಿ ಕಣ್ರೀ ನಾನು” ಅಂದರು. ನಗಬೇಕೆಂದು ಹೇಳಿದ ಮಾತೇ, ಆದರೆ ಇಬ್ಬರಿಗೂ ನಗು ಬರಲಿಲ್ಲ.

“ಅಮ್ಮನಿಗೆ ಗೊತ್ತಾ?” ಅಂತ ಕೇಳಿದೆ.

“ಉಂಟೇ! ಗೊತ್ತಾದ್ರೆ ಎಲ್ಲಿಗೂ ಬ್ಯಾಡ, ಮನೇಲೇ ಇರಿ ಅಂತಾಳೆ. ಅವಳಾಗಿ ಒಂದು ಕೇಳವ್ಳೆ. ಅದನ್ನೂ ಮಾಡದೆ ನಾನು ಸತ್ತೋದ್ರೆ? ನೀವು ಬಾಯಿ ಬಿಡಬಾರದು. ನನ್ ಮೇಲಾಣೆ.”

ಅಲ್ಲಿಂದ ಶುರುವಾಯಿತು ನೋಡಿ ತಯಾರಿ. ಅಮ್ಮನ ಮುಂದೆ ಎಲ್ಲ ಅಮ್ಮನ ಸುಖಕ್ಕೆ ಅಂತ. ಅವರ ಮೊಣಕಾಲು ನೋವಿಗೆ ಹತ್ತಿಯ ದಿಂಬು ಹೊಲಿಸಿದರು. ಸುರಂಗದಲ್ಲಿ ಹೊಗೆ ಕುಡಿದರೆ ಅಂತ ನಿಂಬೆಹಣ್ಣು, ಕತ್ತಲಾದರೆ ಅಂತ ಟಾರ್ಚು, ಚಳಿಯಾದರೆ ಅಂತ ಶಾಲು, ಬಿಸಿಲಾದರೆ ಅಂತ ಬೀಸಣಿಗೆ. ಕಣಿವೆ ಗಾಡಿಯ ಎಡಕ್ಕೆ ಕಾಣುತ್ತದೋ ಬಲಕ್ಕೋ ಅಂತ ಮಂಡಿಗೆ ಬಂದವರನ್ನೆಲ್ಲ ಕೇಳಿದರು. ಒಬ್ಬರು ಎಡ ಅಂದರು, ಇನ್ನೊಬ್ಬರು ಬಲ ಅಂದರು. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರೊಬ್ಬರು, ಎರಡೂ ಕಡೆ ಇದೆ, ಆದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತದೆ ಅಂದು ಇವರ ತಲೆ ಇನ್ನಷ್ಟು ಕೆಡಿಸಿದರು.

ರಾತ್ರಿ ಊಟವಾದ ಮೇಲೆ ನನ್ನ ಕೋಣೆಯಲ್ಲಿ ಬೇರೆಯೇ ತಯಾರಿ. ಡಬ್ಬಿಗೆ ಬಾಗಿಲು ಎಷ್ಟು, ಬಾಗಿಲಿಂದ ಅದಕ್ಕೆ ಎಷ್ಟು ದೂರ, ಒಳಗಿನ ಚಿಲಕ ಗಟ್ಟಿಯೋ, ಸುರಂಗದಲ್ಲಿ ಹೋಗಬಹುದೋ ಬಾರದೋ. ನಮ್ಮಪ್ಪ ಹೇಳುತ್ತಿದ್ದ ಒಂದು ನೇಮ ನಾನು ಹೇಳಿದೆ. ಒಳಗಿನ ತೂತು ನೆಟ್ಟಗೆ ಹಳಿಯ ಮೇಲಕ್ಕೇ ತೆರೆದಿರುತ್ತದೆ, ಹಾಗಾಗಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಹೋಗಬಾರದು, ಹೊರಟ ಮೇಲೆ ಹೋಗಬೇಕು. ಅವರು ಹೆದರಿ, “ಮಧ್ಯ ಕಾಡಲ್ಲಿ ನಿಂತ್ರೆ?” ಅಂದರು. ಕಾಡಿನಲ್ಲಿ ನಿಂತರೆ ಪರವಾಗಿಲ್ಲ ಅಂದೆ. “ಬರೆದವ್ರಾ ಹಂಗೆ?” ಅಂದರು.

ಕೊನೆಗೆ, “ಒಂದು ಟ್ರಯಲ್ ನೋಡಣ ನಡೀರಿ” ಅಂತ ಹೊರಟರು. ಅರಸೀಕೆರೆಯಲ್ಲಿ ಕೊಬ್ಬರಿ ಪಾರ್ಟಿಯೊಬ್ಬರನ್ನು ನೋಡಬೇಕು ಅಂತ ಮನೆಯಲ್ಲಿ ಸುಳ್ಳು ಹೇಳಿ, ತಿಪಟೂರಿನಲ್ಲಿ ಗಾಡಿ ಹತ್ತಿ ಅರಸೀಕೆರೆಯಲ್ಲಿ ಇಳಿದು, ಬರುವ ಗಾಡಿಯಲ್ಲಿ ವಾಪಸಾದೆವು. ಯಜಮಾನರು ಕಿಟಕಿಯಾಚೆ ಏನಿದೆ ಅಂತ ಒಂದು ಸಲವೂ ನೋಡಲಿಲ್ಲ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಎರಡು ಸಲ ಒಳಗೆ ಹೋಗಿ ಬಂದು, ಪರೀಕ್ಷೆ ಪಾಸಾದವರ ಹಾಗೆ ನನ್ನ ಭುಜ ತಟ್ಟಿದರು. “ಬಸ್ ಮಾಡಿದೋನು ಮನುಷ್ಯನೇ ಅಲ್ಲ ಮೇಷ್ಟ್ರೇ. ರೈಲು ಮಾಡಿದೋನಿಗೆ ನಮ್ಮಂಥೋರ ಕಷ್ಟ ಗೊತ್ತಿತ್ತು” ಅಂದರು.

ಆದರೂ ದಿನ ಗೊತ್ತು ಮಾಡುವುದು, ಮುಂದೆ ಹಾಕುವುದು ನಡೆದೇ ಇತ್ತು. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ಗಾಡಿ ಗಂಟೆಗಟ್ಟಲೆ ನಿಲ್ಲುತ್ತದೆ ಅಂತ ಯಾರೋ ಅಂದರು, ಮುಂದಕ್ಕೆ ಹೋಯಿತು. ಮಳೆ ನಿಂತ ಮೇಲೆ ಅಮಾವಾಸ್ಯೆ ಅಡ್ಡ ಬಂತು. ಆಮೇಲೆ ಅವರಿಗೇ ಜ್ವರ ಬಂತು. ಜ್ವರ ಹೆದರಿಕೆಯದು ಅಂತ ನನಗೆ ಗೊತ್ತಿತ್ತು. ಅಮ್ಮ ಮಾತ್ರ ಬಿಡಲಿಲ್ಲ. “ಚಳಿಗಾಲ ಬಂದ್ರೆ ಮಂಜು ಕವಿದು ಏನೂ ಕಾಣಲ್ವಂತೆ. ಈ ಸಲ ಹೋಗದಿದ್ರೆ ನಾನು ಇನ್ನು ಕೇಳೋಳಲ್ಲ ಬುಡಿ” ಅಂದರು. ಅಷ್ಟು ಬಿರುಸಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ದೀಪಾವಳಿಯ ಹಿಂದುಮುಂದು ಹೊರಟೆವು. ನಾವು ಮೂವರೇ. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿ ಹಾಸನಕ್ಕೆ ಹೋಗಿ, ಸ್ಟೇಷನ್ ಹತ್ತಿರದ ಛತ್ರದಲ್ಲಿ ಉಳಿದುಕೊಂಡೆವು. ಹಿಂದಿನ ದಿನ ಮಧ್ಯಾಹ್ನದಿಂದಲೇ ಯಜಮಾನರು ನೀರು ಮುಟ್ಟಿರಲಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ತೀರ್ಥ ಮಾತ್ರ ತಗೊಂಡರು. ತುಟಿ ಒಣಗಿ ಬಿರಿದಿತ್ತು. ಅಮ್ಮ ಕಾಫಿ ತಂದರೆ ಹೊಟ್ಟೆ ಸರಿಯಿಲ್ಲ ಅಂದರು.

ಎಲ್ಲರಿಗಿಂತ ಮೊದಲು ಹೋಗಿ ಖಾಲಿ ಡಬ್ಬಿ ಹತ್ತಿದೆವು. ಬಾಗಿಲಿಗೆ ಹತ್ತಿರದ ಸಾಲು, ಅಮ್ಮನಿಗೆ ಕಿಟಕಿ, ಅವರಿಗೆ ಈ ತುದಿ. ಅವರು ಎದ್ದು ಹೋಗಿ ಪಾಯಿಖಾನೆಯ ಬಾಗಿಲು ತೆಗೆದು ನೋಡಿ ಬಂದರು. ಚೊಕ್ಕಟವಾಗಿದೆ, ನಲ್ಲಿಯಲ್ಲಿ ನೀರಿದೆ, ಚಿಲಕ ಬೀಳುತ್ತದೆ ಅಂತ ನನಗೆ ಕಣ್ಣಿನಲ್ಲೇ ಹೇಳಿದರು. ಅಲ್ಲಿಗೆ ಎಲ್ಲ ಅವರು ಅಂದುಕೊಂಡ ಹಾಗೇ ಇತ್ತು.

ಆಗ ಪ್ಲಾಟ್‌ಫಾರಂ ಮೇಲಿಂದ “ಅಕ್ಕಾ” ಅಂತ ಯಾರೋ ಕೂಗಿದರು. ಹೊನ್ನವಳ್ಳಿಯ ಭಾಮೈದ. ತೆಂಗಿನಕಾಯಿ ಲೋಡಿನ ಜೊತೆ ಹಾಸನಕ್ಕೆ ಬಂದಿದ್ದನಂತೆ. ಅಕ್ಕ ಬಾವ ಘಾಟಿ ನೋಡಲು ಹೊರಟಿದ್ದಾರೆ ಅಂತ ಮಂಡಿಯಲ್ಲಿ ಕೇಳಿ ತಿಳಿದು ಕಾದಿದ್ದಾನೆ. ಒಂದು ಕೈಯಲ್ಲಿ ಎಳನೀರಿನ ಗೊನೆ, ಇನ್ನೊಂದರಲ್ಲಿ ಮಚ್ಚು.

ನಾವು ಕೆಳಗಿಳಿದೆವು. ಭಾಮೈದ ಮೊದಲು ಅಕ್ಕನಿಗೆ ಕೊಟ್ಟ, ನನಗೆ ಕೊಟ್ಟ. ಆಮೇಲೆ ಇನ್ನೊಂದು ಕೆತ್ತಿ, ಬಾವನ ಮುಂದೆ ಹಿಡಿದು ನಿಂತ. ಅಮ್ಮ ಮುಖ ತಿರುಗಿಸಿ ಎಂಜಿನ್ ಕಡೆ ನೋಡತೊಡಗಿದರು. ಬೇಡ ಅನ್ನಲಿ ಅಂತ ನನ್ನ ಅರ್ಧ ಮನಸ್ಸು, ಕುಡಿಯಲಿ ಅಂತ ಇನ್ನರ್ಧ. ಯಜಮಾನರು ಒಂದು ಸಲ ಗಾಡಿಯ ಕಡೆ ನೋಡಿದರು, ಒಂದು ಸಲ ಹೆಂಡತಿಯ ಬೆನ್ನು ನೋಡಿದರು. ಎರಡೂ ಕೈಯಲ್ಲಿ ಎಳನೀರು ತಗೊಂಡು, ತಲೆ ಎತ್ತಿ, ಒಂದೇ ಉಸಿರಿಗೆ ಕುಡಿದರು. ಭಾಮೈದನ ಕಣ್ಣಲ್ಲಿ ನೀರು ಬಂತು. “ಇನ್ನೊಂದು ಬಾವಾ” ಅಂದ. ಅದನ್ನೂ ಕುಡಿದರು. ಅಷ್ಟು ಹೊತ್ತಿನ ಬಾಯಾರಿಕೆ ಬೇರೆ. ಕುಡಿದಾದ ಮೇಲೆ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, “ಖಾಲಿ ಕಣಪ್ಪ, ನೋಡ್ಕ” ಅಂದರು. ಬಾವ ಭಾಮೈದ ಇಬ್ಬರೂ ನಕ್ಕರು. ಅಮ್ಮ ಎಂಜಿನ್ ಕಡೆಯಿಂದ ಈ ಕಡೆಗೆ ತಿರುಗಿದ್ದು ಆಗಲೇ.

ಗಾಡಿ ಹೊರಟಿತು. ಹೊಲ, ಕೆರೆ, ಕಾಫಿ ತೋಟ ಎಲ್ಲ ಹಿಂದೆ ಹೋದವು. ಸಕಲೇಶಪುರ ಹತ್ತಿರ ಬರುವಾಗ ಯಜಮಾನರು ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಿದ್ದರು. ಹೋಗಿ ಬನ್ನಿ ಅಂತ ಕಣ್ಣು ಮಾಡಿದೆ. ಗಾಡಿ ನಿಲ್ಲುವ ಹೊತ್ತು, ನೇಮ ಮೀರಬಾರದು ಅಂತ ತಲೆಯಾಡಿಸಿದರು. ನೇಮ ಹೇಳಿದ ನನ್ನ ನಾಲಿಗೆ ಕಚ್ಚಿಕೊಂಡೆ. ಗಾಡಿ ಅಲ್ಲಿಂದ ಹೊರಟದ್ದೇ ಎದ್ದರು. ಹೋದವರು ಹಾಗೇ ವಾಪಸು ಬಂದು ಕೂತರು. ಮುಖ ಬಿಳಿಚಿತ್ತು.

ನಾನು ಹೋಗಿ ನೋಡಿದೆ. ಬಾಗಿಲು ಒಂದು ಗೇಣು ತೆರೆಯಿತು, ಮುಂದಕ್ಕೆ ಹೋಗಲಿಲ್ಲ. ಒಳಗೆ ಆಲೂಗಡ್ಡೆ ಮೂಟೆ. ಎದುರಿನದರಲ್ಲೂ ಆಲೂಗಡ್ಡೆ ಮೂಟೆ. ನಾವು ಹಾಸನದಲ್ಲಿ ಪ್ಲಾಟ್‌ಫಾರಂ ಮೇಲೆ ಎಳನೀರು ಕುಡಿಯುತ್ತಿದ್ದಾಗ ಆ ಕಡೆಯ ಬಾಗಿಲಿಂದ ತುಂಬಿದ್ದಾರೆ. ಮೂಟೆಯ ಯಜಮಾನ ಬಾಗಿಲಲ್ಲೇ ಇನ್ನೊಂದು ಮೂಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ತೆಗೆಯಪ್ಪ ಅಂದೆ. “ಸುಬ್ರಹ್ಮಣ್ಯ ರೋಡಲ್ಲಿ ಇಳಿಸ್ತೀನಿ ಬುಡಿ ಸಾರ್, ಅಲ್ಲಿಗಂಟ ಅಡ್ಜಸ್ಟ್ ಮಾಡ್ಕಳಿ” ಅಂದ. ಬಹಳ ತುರ್ತು ಅಂದೆ. “ವಯಸ್ಸಿನ ಹುಡುಗ್ರು, ತಡ್ಕಳಕ್ಕಾಗಲ್ವಾ?” ಅಂತ ನಕ್ಕ. ತುರ್ತು ಯಾರಿಗೆ ಅಂತ ಹೇಳುವ ಹಾಗಿಲ್ಲ, ಆಣೆ ಇದೆ. ಡಬ್ಬಿಯ ಆ ತುದಿಗೆ ಹೋಗೋಣ ಅಂದರೆ ಘಾಟಿ ನೋಡುವ ಕಾಲೇಜು ಹುಡುಗರು ನಡುದಾರಿಯಲ್ಲೆಲ್ಲ ಒತ್ತಿ ನಿಂತಿದ್ದರು, ನೊಣವೂ ನುಗ್ಗುವ ಹಾಗಿರಲಿಲ್ಲ.

ಮೊದಲನೆಯ ಸುರಂಗ ಬಂತು. ಗವ್ವನೆ ಕತ್ತಲು, ಹುಡುಗರ ಕೇಕೆ, ಚಕ್ರದ ಸದ್ದು. ಆ ಕತ್ತಲಲ್ಲಿ ಒಂದು ಕೈ ನನ್ನ ಮಣಿಕಟ್ಟು ಹಿಡಿಯಿತು. ಹಿಡಿತ ಎಷ್ಟು ಗಟ್ಟಿಯಿತ್ತು ಅಂದರೆ ಅವರ ನಾಡಿ ನನಗೆ ತಿಳಿಯುತ್ತಿತ್ತು. “ಮೇಷ್ಟ್ರೇ” ಅಂದರು, ಅಷ್ಟೇ. ಆ ಹೊತ್ತಿನಲ್ಲಿ ನಾನು ಪಟ್ಟ ಗಾಬರಿ ಇವತ್ತಿಗೂ ನೆನಪಿದೆ. ಇಷ್ಟು ದೊಡ್ಡ ಮನುಷ್ಯ, ಊರೆಲ್ಲ ಎದ್ದು ನಿಂತು ಕೈ ಮುಗಿಯುವ ಮನುಷ್ಯ, ಬಿಳಿ ಪಂಚೆಯಲ್ಲಿ, ಇಷ್ಟು ಜನರ ಮುಂದೆ, ಹೆಂಡತಿಯ ಮುಂದೆ. ಇನ್ನೊಂದು ಸುರಂಗ ಆಗುವುದರೊಳಗೆ ಆಗಿಹೋಗುತ್ತದೆ ಅಂತ ನನಗೆ ಅನ್ನಿಸಿತು.

ಬೆಳಕು ಬಂದಾಗ ಅಮ್ಮ ಎದ್ದು ನಿಂತಿದ್ದರು. ಕಿಟಕಿಯ ಸರಳು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನಿಂದ ಸೀಟಿಗೆ ಕೈ ಊರಿಕೊಂಡು ಬಾಗಿಲ ಹತ್ತಿರ ಹೋದರು.

“ಯಾರಪ್ಪ ಮೂಟೆಯೋನು? ತೆಗಿ, ನಾನು ಒಳಕ್ಕೋಗಬೇಕು.”

“ಅಜ್ಜೀ, ಸುಬ್ರಹ್ಮಣ್ಯ ರೋಡು…”

“ನಿನ್ ಸುಬ್ರಹ್ಮಣ್ಯ ಮನೆ ಹಾಳಾಗ! ವಯಸ್ಸಾದ ಹೆಂಗಸು, ತಡೆಯಕ್ಕಾಗಲ್ಲ ಕಣಪ್ಪ ನಂಗೆ. ನಿನ್ ಆಲೂಗಡ್ಡೆ ಮೇಲೇ ಆಗೋಗ್ತದೆ, ಆಮೇಲೆ ಮಾರ್ಕಳೋನು ನೀನು!”

ಡಬ್ಬಿಗೆ ಡಬ್ಬಿಯೇ ತಿರುಗಿ ನೋಡಿತು. ಕೆಲವರು ನಕ್ಕರು. ಮನೆಗೆ ಬಂದ ಗಂಡಸರ ಮುಂದೆ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದ ಹೆಂಗಸು, ಸೆರಗು ಸಿಕ್ಕಿಸಿ ಎಲ್ಲರ ನಡುವೆ ನಿಂತು ಇದನ್ನು ಕೂಗಿ ಹೇಳುತ್ತಿದ್ದಾರೆ. ಮೂಟೆಯವನು ಬೀಡಿ ಎಸೆದು ಎದ್ದ. ಹುಡುಗರೂ ಕೈ ಹಚ್ಚಿದರು. ಒಂದು ಮೂಟೆಯ ಬಾಯಿ ಬಿಚ್ಚಿ ಆಲೂಗಡ್ಡೆ ನಮ್ಮ ಕಾಲ ಕೆಳಗೆಲ್ಲ ಉರುಳಾಡಿದವು. ಬಾಗಿಲು ಪೂರ್ತಿ ತೆರೆಯಿತು.

ಅಮ್ಮ ಒಳಗೆ ಇಣುಕಿ ನೋಡಿ ಹಿಂದೆ ಸರಿದರು.

“ಏನ್ರೀ, ಬನ್ನಿ ಇಲ್ಲಿ. ಒಳಗೆ ಕತ್ತಲೆ ಕತ್ತಲೆ ಐತೆ, ಹುಳ ಹುಪ್ಪಟೆ ಏನಿದ್ದಾತೋ, ನಂಗೆ ಭಯ. ಮೊದ್ಲು ನೀವು ಹೋಗಿ ಚೆನ್ನಾಗಿ ನೋಡ್ಕಂಡು ಬನ್ನಿ. ಅವಸರ ಮಾಡಬೇಡಿ, ಚಿಲಕ ಹಾಕ್ಕಂಡು ನೋಡಿ.”

ಯಜಮಾನರು ಹೆಂಡತಿಗೆ ಸಹಾಯ ಮಾಡಲು ಹೊರಟ ಗಂಡಸಿನ ಗತ್ತಿನಲ್ಲೇ ಎದ್ದರು. ನಡಿಗೆ ಮಾತ್ರ ಚಿಕ್ಕದಾಗಿತ್ತು. ಚಿಲಕ ಬಿತ್ತು.

ಒಳಗೆ ಬಹಳ ಹೊತ್ತಾಯಿತು. ಗಾಡಿ ಒಂದು ಸೇತುವೆ ಹತ್ತಿತು. ಸದ್ದು ಬದಲಾಯಿತು, ಹುಡುಗರು ಹೋ ಅಂತ ಕೂಗಿದರು, ಮತ್ತೆ ಸುರಂಗ, ಮತ್ತೆ ಸೇತುವೆ. ಬಿದ್ದರೋ, ತಲೆ ತಿರುಗಿತೋ ಅಂತ ನಾನು ಆ ಬಾಗಿಲನ್ನೇ ನೋಡುತ್ತ ನಿಂತಿದ್ದೆ. ಕೊನೆಗೆ ಬಂದರು. ಮುಖ ತೊಳೆದಿದ್ದರಿಂದ ವಿಭೂತಿ ಅಳಿಸಿತ್ತು. ಪಂಚೆ ಹೋದ ಹಾಗೇ ಬಿಳಿಯಾಗಿತ್ತು.

“ಏನೂ ಇಲ್ಲ ಕಣೇ ಒಳಗೆ, ಚೊಕ್ಕಟವಾಗೈತೆ. ಹೋಗು” ಅಂದರು.

“ಈಗ ಬ್ಯಾಡ ಅನ್ನಿಸ್ತೈತೆ” ಅಂದು ಅಮ್ಮ ಕಿಟಕಿಯ ಹತ್ತಿರ ಹೋಗಿ ಕೂತು, ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡರು. ಏಕೆ ಅಂತ ಯಜಮಾನರು ಕೇಳಲಿಲ್ಲ.

ಮಂಗಳೂರಿನಲ್ಲಿ ಸಮುದ್ರ ನೋಡಿದೆವು. ಅದರ ಬಗ್ಗೆ ಯಜಮಾನರು ಹೆಚ್ಚು ಹೇಳಲಿಲ್ಲ, “ಉಪ್ಪುನೀರು ಬುಡಿ” ಅಂದರು. ಘಾಟಿಯ ಬಗ್ಗೆ ಮಾತ್ರ ವಾಪಸು ಬಂದ ಮೇಲೆ ವರ್ಷಗಟ್ಟಲೆ ಹೇಳಿದರು. ಮಂಡಿಯಲ್ಲಿ ಗಾದಿಯ ಮೇಲೆ ಕೂತು, ಬಂದವರನ್ನೆಲ್ಲ ಕೂರಿಸಿಕೊಂಡು. “ನಮ್ಮ ಮನೆಯವಳಿಗೆ ಘಾಟಿ ತೋರಿಸ್ದೆ ಕಣಪ್ಪ. ಸೇತುವೆ ಮೇಲೆ ಗಾಡಿ ಹೋಗುವಾಗ ಕಾಲಡೀಲಿ ಪಾತಾಳ ಕಾಣ್ತದೆ. ನೆಟ್ಟಗೆ ಕೆಳಗೆ! ಬಂಡೆ ಮಧ್ಯೆ ಹಳ್ಳ ಬೆಳ್ಳಗೆ ದಾರದ ಎಳೆ ಹಂಗೆ ಹರೀತದೆ.” ಆಮೇಲೆ ರೈಲು ಹೋಗುವ ಊರಿಗೆಲ್ಲ ಧೈರ್ಯವಾಗಿ ಹೋದರು. ಆಪರೇಷನ್ನಿಗೂ ಒಪ್ಪಿದರು. ಹೊನ್ನವಳ್ಳಿಯ ಭಾಮೈದ ಹಬ್ಬಕ್ಕೆ ಬರತೊಡಗಿದ.

ನನಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾಗಿ, ಮದುವೆಯಾಗಿ, ಹೋಗಿ ಬರುವುದು ಕಡಿಮೆಯಾಗಿತ್ತು. ಯಜಮಾನರು ಹೋದ ಸುದ್ದಿ ತಡವಾಗಿ ಸಿಕ್ಕಿತು. ಎದೆನೋವಂತೆ, ನರಳಲಿಲ್ಲವಂತೆ. ಕಾರ್ಯ ಮುಗಿದ ಮೇಲೆ ಒಂದು ಭಾನುವಾರ ಹೋದೆ. ಜಗಲಿಯ ಮೇಲೆ ಮಂಡಿಯ ಹಳೆಯ ಸ್ನೇಹಿತರು ನಾಲ್ಕು ಜನ ಕೂತು ಅವರ ಗುಣ ಆಡುತ್ತಿದ್ದರು. ಅಮ್ಮ ಹೊಸಲಿನೊಳಗೆ ಗೋಡೆಗೆ ಒರಗಿದ್ದರು. ಸ್ನೇಹಿತರಲ್ಲಿ ಒಬ್ಬರು ಅಂದರು:

“ಘಾಟಿ ಕಥೆ ಎಷ್ಟು ಸಲ ಹೇಳವ್ರೋ ನಂಗೆ! ಅವರ ಮಾತು ಕೇಳಿ ನಾನೂ ಹೋಗಿ ಬಂದೆ ಕಣ್ರೀ. ಈ ಕಡೆ ಕಿಟಕೀಲಿ ನೋಡಿದೆ, ಆ ಕಡೆ ಕಿಟಕೀಲಿ ನೋಡಿದೆ. ಬೆಟ್ಟ ಕಾಣ್ತದೆ, ಕಾಡು ಕಾಣ್ತದೆ. ಕಾಲಡೀಲಿ ಪಾತಾಳ ಮಾತ್ರ ಕಾಣಲಿಲ್ಲ. ಅವರು ಅದ್ಯಾವ ಸೀಟಲ್ಲಿ ಕೂತು ನೋಡಿದ್ರೋ ಕಾಣೆ.”

ನಾನು ಅಮ್ಮನ ಕಡೆ ನೋಡಿದೆ. ಅವರೂ ನನ್ನ ಕಡೆ ನೋಡಿದರು. ಸಟ್ಟನೆ ಸೆರಗಿನ ಚುಂಗು ಬಾ‌ಯಿಗೆ ಒತ್ತಿಕೊಂಡರು, ಭುಜ ಕುಲುಕತೊಡಗಿತು. ಸ್ನೇಹಿತರು ಗಾಬರಿಯಾಗಿ, “ಸಮಾಧಾನ ಮಾಡ್ಕಳಿ ಅಮ್ಮ” ಅಂದರು. ಅಮ್ಮ ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವೋ ಅಳುವೋ, ಎರಡೂ ಇತ್ತು. ಅವತ್ತು ಅಷ್ಟು ಜನರ ಮುಂದೆ ಹಾಗೆ ಕೂಗಿದಿರಲ್ಲ, ನಿಮಗೆ ಅವರ ತೊಂದರೆ ಮೊದಲೇ ಗೊತ್ತಿತ್ತಾ ಅಂತ ಕೇಳಿದೆ.

“ಪಂಚೆ ಒಗೆಯೋಳು ನಾನಲ್ವೇನಪ್ಪ” ಅಂದರು.

ಆಮೇಲೆ ಅವರೇ ಹೇಳಿದರು. “ಎಷ್ಟು ವರ್ಷ ಈ ಮನೆ, ಆ ಮಂಡಿ. ಬಸ್ಸು ಅಂದ್ರೆ ಹೆದರೋರು. ರೈಲಲ್ಲಾದ್ರೆ ಆ ಅನುಕೂಲ ಐತೆ ಅಂತ ಯಾರೋ ಅಂದ್ರು. ನಿಮಗೋಸ್ಕರ ಹೋಗಣ ಬನ್ನಿ ಅಂದಿದ್ರೆ ಹೊರಡೋರಾ? ಅದಕ್ಕೆ ನಂಗೇ ನೋಡಬೇಕು ಅಂದೆ. ನಂಗೆಲ್ಲಪ್ಪ ಘಾಟಿ! ಬಾವಿ ಬಗ್ಗಿ ನೋಡಿದ್ರೂ ತಲೆ ಸುತ್ತೋಳು ನಾನು. ಆ ಕಿಟಕಿ ಹತ್ರ ಕೂರಿಸಿಬುಟ್ರು. ಮೂಟೆ ತೆಗೆಸಕ್ಕೆ ಎದ್ದಿದ್ದು ಬಿಟ್ರೆ, ಮಂಗಳೂರು ಬರೋಗಂಟ ಸೆರಗು ಎಳ್ಕಂಡು ಕಣ್ಣು ಮುಚ್ಚಿದ್ದೋಳು ಬಿಡಲಿಲ್ಲ. ಬರೋವಾಗಲೂ ಅಷ್ಟೇಯಾ. ಕೊನೇಗಂಟ ಅವರಿಗೆ ಹೇಳಲಿಲ್ಲ. ಅವರು ಹೇಳಿದ್ದು ಕೇಳಿ ಕೇಳಿ ನಂಗೆ ಗೊತ್ತು ಅಷ್ಟೇ. ನೀನು ನೋಡಿದ್ಯಲ್ಲಪ್ಪ, ಹೆಂಗಿತ್ತು ಹೇಳು, ನಿಜವಾಗ್ಲೂ ಚೆನ್ನಾಗಿತ್ತಾ?”

ಹೋಗುವಾಗಲೂ ಬರುವಾಗಲೂ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ನೋಡಿದ್ದು ಮಾತ್ರ ಆ ಪಾಯಿಖಾನೆಯ ಬಾಗಿಲನ್ನು, ಅವರ ಮುಖವನ್ನು, ಅವರ ಪಂಚೆಯನ್ನು.

“ನಾನೂ ನೋಡಲಿಲ್ಲ ಅಮ್ಮ. ಆ ಬಾಗಿಲನ್ನೇ ಕಾಯ್ತಿದ್ದೆ” ಅಂದೆ.

ಅಮ್ಮ ಸೆರಗು ಬಿಟ್ಟು, ಬಾಯಿ ತೆರೆದೇ ನಕ್ಕರು. ಜಗಲಿಯವರಿಗೂ ಕೇಳಿಸಿರಬೇಕು. ಆಮೇಲೆ ಒಗೆಯುವ ಕಲ್ಲನ್ನು ಅಂಗೈಯಲ್ಲಿ ಸವರುತ್ತ ಅಂದರು:

“ಹಂಗಾರೆ ಮೂರು ಜನ ಹೋಗಿ, ಘಾಟಿ ನೋಡಿದೋರು ಅವರೊಬ್ರೇಯಾ! ಸದ್ಯ, ಅವರಾದ್ರೂ ನೋಡಿದ್ರಲ್ಲ ಬುಡು.”